ನಾಲ್ಕು ಬೆರಳು ಜಾಗ

ಎಲ್ಲಕ್ಕೂ ಮೂಲ ನಾಲ್ಕು ಬೆರಳು ಜಾಗ.

ಕನ್ನಡಕದಂಗಡಿಯ ಯಜಮಾನರು ತಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಿಂತು, ಹೊರಗೆ ಹೋಗುವ ಇಳಿಜಾರಿನ ಮೇಲೆ ಅಡ್ಡ ಮಲಗಿದ್ದ ಕಾಂಕ್ರೀಟ್ ತೊಲೆಯನ್ನೂ ತಮ್ಮ ಗಾಡಿಯ ನೆತ್ತಿಯನ್ನೂ ಒಂದು ಕಣ್ಣು ಮುಚ್ಚಿ ಹೋಲಿಸಿ, "ಧಾರಾಳವಾಗಿ ನಾಲ್ಕು ಬೆರಳು ಜಾಗ ಉಳಿಯುತ್ತೆ" ಎಂದಿದ್ದರು. ಊರಿನ ಅರ್ಧ ಜನರ ದೃಷ್ಟಿ ಸರಿಮಾಡಿದ ಮನುಷ್ಯನೇ ಹೇಳಿದ ಮೇಲೆ ಟೇಪು ಹಿಡಿದು ಅಳೆಯುವ ಯೋಚನೆ ಯಾರಿಗೆ ತಾನೆ ಬಂದೀತು?

ಗಾಡಿ ಅವರ ಜೀವಮಾನದ ಆಸೆ. ಇಡೀ ಯೌವನವನ್ನು ಕತ್ತಲೆ ಕೋಣೆಯಲ್ಲಿ "ಈ ಅಕ್ಷರ ಕಾಣುತ್ತಾ? ಇದು?" ಎಂದು ಕೇಳುವುದರಲ್ಲೇ ಕಳೆದವರಿಗೆ, ಒಮ್ಮೆಯಾದರೂ ತಾವೇ ದೂರದ್ದೇನನ್ನಾದರೂ ನೋಡಬೇಕು ಅನ್ನಿಸಿತ್ತು. ಬೆಟ್ಟ, ಹೊಳೆ, ದಾರಿಯೇ ಇಲ್ಲದ ಕಡೆ. ಹಾಗಾಗಿ ಯಾರೋ ಶ್ರೀಮಂತರು ಬಳಸಿ ಬಿಟ್ಟ ಭಾರಿ ಎಸ್‌ಯುವಿಯೊಂದನ್ನು ಕೊಂಡರು. ಸೀಟಿಗೆ ಒರಗಿದರೆ ಅದೇ ಬೆನ್ನು ನೀವುತ್ತಿತ್ತು. ಹಳೆಯ ಮಾಲೀಕನ ಅತ್ತರಿನ ವಾಸನೆ ಇನ್ನೂ ಹೋಗಿರಲಿಲ್ಲ.

ಅದನ್ನು ಕಾಡುಮೇಡು ಹತ್ತುವ ಗಾಡಿಯಾಗಿ ಮಾಡುವ ಹೊಣೆ ಹೊತ್ತವನು ಹೆಂಡತಿಯ ತಮ್ಮ. ಗ್ಯಾರೇಜಿನಲ್ಲಿ ಕೆಲಸ, ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಸ್ಪ್ಯಾನರ್ ಎಂದು. ಭಾನುವಾರಗಳಲ್ಲಿ ನೆಲಮಾಳಿಗೆಗೇ ಬಂದು ಗಾಡಿಯನ್ನು ಎತ್ತರಿಸಿದ, ಎಮ್ಮೆಯ ಹೊಟ್ಟೆಯಂಥ ಟಯರು ಹಾಕಿದ, ನೀರಿನಲ್ಲೂ ಎಂಜಿನ್ ಉಸಿರಾಡಲೆಂದು ಪಕ್ಕಕ್ಕೊಂದು ಸೊಂಡಿಲು ಕೂರಿಸಿದ. ಹಿಂದೆ ಇನ್ನೊಂದು ಗಾಡಿಯನ್ನು ಎಳೆಯಲು ಕೊಂಡಿ, ಮುಂದೆ ಕೆಸರಿನಲ್ಲಿ ಹೂತರೆ ತನ್ನನ್ನು ತಾನೇ ಎಳೆದುಕೊಳ್ಳಲು ಉಕ್ಕಿನ ಹಗ್ಗ ಸುತ್ತಿದ ವಿಂಚು, ನೆತ್ತಿಯ ಮೇಲೆ ಕಬ್ಬಿಣದ ಕ್ಯಾರಿಯರ್. ಕೆಲಸ ಶುರುವಾದಾಗಿನಿಂದ ಗಾಡಿ ನೆಲಮಾಳಿಗೆ ಬಿಟ್ಟು ಕದಲಿರಲಿಲ್ಲ. ಯಜಮಾನರು ಅಂಗಡಿಗೆ ಸ್ಕೂಟರಿನಲ್ಲಿ ಹೋಗಿಬರುತ್ತಿದ್ದರು.

"ಇದಕ್ಕೆ ಹತ್ತೋಕೆ ಏಣಿ ಬೇರೆ ತಗೋಬೇಕಾ?" ಎಂದಷ್ಟೇ ಹೆಂಡತಿ ಕೇಳಿದ್ದಳು.

ಆ ದಿನ ಬೆಳಿಗ್ಗೆ ಮಳೆ ಆಕಾಶಕ್ಕೆ ತೂತು ಬಿದ್ದಂತೆ ಸುರಿಯುತ್ತಿರುವಾಗ ಫೋನ್ ಬಂತು. ಹೆಂಡತಿಯ ದೊಡ್ಡಪ್ಪ ತೀರಿಕೊಂಡಿದ್ದರು. ಅಪ್ಪನಿಲ್ಲದ ಅವಳನ್ನೂ ತಮ್ಮನನ್ನೂ ಸಾಕಿದವರು ಅವರೇ. ಸಂಜೆಯೊಳಗೆ ಮಣ್ಣು. ಊರಿಗೆ ಹೋಗುವ ಬಸ್ಸು ನಿಂತಿತ್ತು, ರಸ್ತೆ ಅಲ್ಲಲ್ಲಿ ಕೊಚ್ಚಿಹೋಗಿತ್ತು.

ಹೆಂಡತಿ ಅಳಲಿಲ್ಲ. ಕಪಾಟಿನಿಂದ ಬ್ಯಾಗು ಇಳಿಸಿ, "ರೀ, ನಿಮ್ಮ ಗಾಡಿ ಹೋಗುತ್ತಲ್ವಾ ಇಂಥ ದಾರೀಲಿ?" ಎಂದಳು.

ಸಾವಿನ ಮನೆಯ ಸುದ್ದಿ ಕೇಳಿ ಎದೆಯೊಳಗೆ ಪಟಾಕಿ ಹೊಡೆದಂತಾದದ್ದಕ್ಕೆ ಯಜಮಾನರಿಗೆ ತಮ್ಮ ಮೇಲೇ ಅಸಹ್ಯವಾಯಿತು. ಮುಖವನ್ನು ಆದಷ್ಟು ಜೋಲು ಹಾಕಿಕೊಂಡು, "ಹೋಗದೆ ಏನು. ಇಂಥದಕ್ಕೇ ಅಲ್ವಾ ಮಾಡ್ಸಿದ್ದು" ಎಂದರು.

ಸ್ಪ್ಯಾನರ್ ಕಣ್ಣು ಕೆಂಪಗೆ ಮಾಡಿಕೊಂಡು ಬಂದ. ಮೂವರೂ ಹತ್ತಿದರು. ಗಾಡಿ ಗುಡುಗಿತು, ಇಳಿಜಾರು ಏರಿತು, ತೊಲೆಯ ಹತ್ತಿರ ಬಂದು 'ಟಣ್' ಎಂದು ನಿಂತಿತು.

"ಏನೋ ಅದು?"

"ಕ್ಯಾರಿಯರ್ ತಾಗ್ತಿದೆ ಭಾವ."

"ಬಿಚ್ಚಿಹಾಕು."

"ವೆಲ್ಡ್ ಮಾಡ್ಬಿಟ್ಟಿದೀನಿ. ನೀವೇ ಅಲ್ವಾ ಜನ್ಮದಲ್ಲಿ ಕಳಚಬಾರದು ಅಂದಿದ್ದು?"

"ಹಾಗಾದ್ರೆ ಟಯರ್ ಗಾಳಿ ತೆಗಿ."

"ತೆಗೀಬಹುದು. ತುಂಬೋ ಪಂಪ್ ಗ್ಯಾರೇಜಲ್ಲಿದೆ, ಗ್ಯಾರೇಜಿಗೆ ಇವತ್ತು ಬೀಗ. ಚಪ್ಪಟೆ ಟಯರಲ್ಲಿ ದೊಡ್ಡಪ್ಪನ ಊರು ತಲುಪ್ತೀವಾ?"

ಅಷ್ಟರಲ್ಲಿ ಸದ್ದಿಗೆ ಜನ ಸೇರಿತು. ಮುಂದಾಳು, ಅಪಾರ್ಟ್‌ಮೆಂಟಿನ ಕಾರ್ಯದರ್ಶಿ ಮೇಡಂ. ನಲ್ಲಿ ತೊಟ್ಟಿಕ್ಕಿದರೂ ನೋಟೀಸು ಅಂಟಿಸುವ ಹೆಂಗಸು. ಅವರ ಹಿಂದೆ ಒಂದನೇ ಮಹಡಿಯ ಫಿಸಿಕ್ಸ್ ಮೇಷ್ಟ್ರು, ನಿವೃತ್ತರಾದರೂ ಪಾಠ ಬಿಡದವರು. ಅವರ ಹಿಂದೆ, ಅಲ್ಲ, ಎಲ್ಲರ ಹಿಂದೆ ನಿಂತರೂ ಎರಡೂ ಪಕ್ಕದಿಂದ ಕಾಣುವಷ್ಟು ದಪ್ಪಗಿದ್ದ ಬೇಕರಿ ಯಜಮಾನ.

ಸಾವಿನ ವಿಷಯ ತಿಳಿದು ಎಲ್ಲರೂ ಅಯ್ಯೋ ಎಂದರು. ಮೇಷ್ಟ್ರು ತೊಲೆ ನೋಡಿದರು, ಗಾಡಿ ನೋಡಿದರು, ಬೇಕರಿ ಯಜಮಾನನನ್ನು ನೋಡಿದರು.

"ಭಾರ ಹಾಕಿದ್ರೆ ಸ್ಪ್ರಿಂಗು ಕುಗ್ಗುತ್ತೆ, ಗಾಡಿ ತಗ್ಗುತ್ತೆ. ಸರಳ ವಿಜ್ಞಾನ. ಎಲ್ಲಾ ಹತ್ತಿ!"

ಗಾಡಿಯನ್ನು ಕೆಳಗಿಳಿಸಿದರು. ಪಾರ್ಥಿವ ಶರೀರ ನೋಡಲು ಹೊರಟ ಗಾಡಿಗೆ ಇಡೀ ಅಪಾರ್ಟ್‌ಮೆಂಟು ಹತ್ತಿತು. ಸೀಟಿನಲ್ಲಿ ಒಬ್ಬರ ಮೇಲೊಬ್ಬರು, ಡಿಕ್ಕಿಯಲ್ಲಿ ಬೇಕರಿ ಯಜಮಾನ, ಹಿಟ್ಟಿನ ಮೂಟೆಯಂತೆ. ಯಜಮಾನರ ಹೆಂಡತಿ ಮುಂದಿನ ಸೀಟಿನಲ್ಲಿ ಪಕ್ಕದ ಮನೆಯಾಕೆಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದಳು.

ಮೇಷ್ಟ್ರ ವಿಜ್ಞಾನ ಸುಳ್ಳಾಗಲಿಲ್ಲ. ಗಾಡಿ ಮುದಿ ಒಂಟೆಯಂತೆ ಕುಗ್ಗಿ ತೆವಳುತ್ತಾ ತೊಲೆಯ ಕೆಳಗೆ ತೂರಿತು. ಬಾನೆಟ್ಟು ಹೊರಗೆ ಬಂತು. ಮುಂದಿನ ಬಾಗಿಲುಗಳೂ ಹೊರಬಂದವು. "ಬಂತು, ಬಂತು!" ಎಂದು ಒಳಗಿನವರು ಕೂಗುತ್ತಿರುವಾಗಲೇ ಡಿಕ್ಕಿಯಿಂದ ಕ್ಷೀಣವಾದ ದನಿ ಕೇಳಿತು.

"ನಂಗೆ ಉಸಿರು ಕಟ್ತಿದೆ ಕಣ್ರೀ."

"ಇನ್ನೊಂದು ಮೊಳ ತಡ್ಕೊಳ್ಳಿ!"

ಅವರು ತಡೆದುಕೊಳ್ಳಲಿಲ್ಲ. ಡಿಕ್ಕಿ ತೆಗೆದು ದಢಕ್ಕನೆ ಇಳಿದರು. ಆ ಭಾರ ಇಳಿದದ್ದೇ ಗಾಡಿಯ ಹಿಂಭಾಗ ನಿದ್ದೆಯಿಂದೆದ್ದಂತೆ ಮೇಲೆದ್ದು, ಕ್ಯಾರಿಯರ್ ತೊಲೆಗೆ ಕರಕರನೆ ಕಚ್ಚಿಕೊಂಡಿತು. ಇಳಿಜಾರಿನ ಅಕ್ಕಪಕ್ಕದ ಗೋಡೆಗೆ ತಾಗಿ ಬಾಗಿಲು ತೆರೆಯದ್ದರಿಂದ, ಗಾಬರಿಗೊಂಡ ಉಳಿದವರೂ ಡಿಕ್ಕಿಯ ದಾರಿಯಲ್ಲೇ ಒಬ್ಬೊಬ್ಬರಾಗಿ ಇಳಿದರು. ಒಬ್ಬೊಬ್ಬರು ಇಳಿದಾಗಲೂ ಕಚ್ಚು ಇನ್ನಷ್ಟು ಬಿಗಿಯಾಯಿತು. ಮತ್ತೆ ಎಲ್ಲರನ್ನೂ ಹತ್ತಿಸಿದರೂ ಗಾಡಿ ಕದಲಲಿಲ್ಲ. ಕ್ಯಾರಿಯರಿನ ಕಂಬಿ ಬಾಗಿ ತೊಲೆಯ ಅಂಚಿಗೆ ಕೊಕ್ಕೆ ಹಾಕಿಕೊಂಡಿತ್ತು.

ಈಗ ಕಾರ್ಯದರ್ಶಿ ಮೇಡಮ್ಮಿಗೆ ಬೇರೆಯೇ ವಿಷಯ ಹೊಳೆಯಿತು. "ಕನ್ನಡಕದವರೇ, ನೀವು ಸಿಕ್ಕಿಹಾಕ್ಕೊಂಡ್ರಿ ಸರಿ. ನಿಮ್ಮ ಹಿಂದೆ ನಮ್ಮೆಲ್ಲರ ಕಾರೂ ಸಿಕ್ಕಿಹಾಕ್ಕೊಂಡ್ವಲ್ರೀ!"

ಹೆಂಡತಿ ಕೊನೆಯವಳಾಗಿ ಇಳಿದು ಮೆಟ್ಟಿಲು ಹತ್ತಿ ಹೊರಬಂದಳು. ಚಪ್ಪಲಿ ಕೈಯಲ್ಲಿತ್ತು. ರಸ್ತೆಯಲ್ಲಿ ಹಾಲಿನ ವ್ಯಾನೊಂದು ನೀರು ಸೀಳುತ್ತಾ ಬರುತ್ತಿತ್ತು. ಅದಕ್ಕೆ ಕೈ ಅಡ್ಡ ಮಾಡಿದಳು.

"ಎಲ್ಲಿಗೇ? ಇನ್ನೇನು ಐದು ನಿಮಿಷ!" ಯಜಮಾನರು ಓಡಿ ಬಂದರು.

"ಸೇತುವೆ ತನಕ ಬಿಡ್ತಾರಂತೆ. ಅಲ್ಲಿಂದ ನಡೀತೀನಿ. ದೊಡ್ಡಪ್ಪ ಕಾಯಲ್ಲ."

ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ. ಹಾಲಿನ ಕ್ರೇಟುಗಳ ನಡುವೆ ಕೂತವಳು ತಿರುಗಿಯೂ ನೋಡಲಿಲ್ಲ.

 ಯಜಮಾನರಿಗೆ ಹಟ ಹತ್ತಿತು. "ವಿಂಚ್ ಇದೆಯಲ್ಲೋ! ಅದಕ್ಕೆ ಮತ್ತಿನ್ಯಾವಾಗ ಕೆಲಸ? ವ್ಯಾನನ್ನ ದಾರೀಲೇ ಹಿಡಿಯೋಣ."

ಸ್ಪ್ಯಾನರ್ ಉಕ್ಕಿನ ಹಗ್ಗ ಬಿಚ್ಚಿ ಎಳೆದುಕೊಂಡು ಹೋಗಿ, ಇಳಿಜಾರಿನ ಎದುರಿಗೇ ಇದ್ದ ಕಾಂಪೌಂಡಿನ ಕಂಬಕ್ಕೆ ಕೊಕ್ಕೆ ಹಾಕಿದ. ಆ ಗೋಡೆಯ ಆಚೆ ಮಳೆನೀರಿನ ದೊಡ್ಡ ಕಾಲುವೆ. ಅದು ಅಂದು ಗೋಡೆಯ ಕುತ್ತಿಗೆಯ ಮಟ್ಟಕ್ಕೆ ತುಂಬಿ ಹರಿಯುತ್ತಿದ್ದದ್ದು ಈಚೆಯಿಂದ ಕಾಣುತ್ತಿರಲಿಲ್ಲ.

"ಕಂಬ ತಡೆಯುತ್ತಾ?" ಮೇಷ್ಟ್ರು ಕೇಳಿದರು.

ಯಜಮಾನರು ಒಂದು ಕಣ್ಣು ಮುಚ್ಚಿ ನೋಡಿದರು. "ಕಲ್ಲಿನ ಹಾಗಿದೆ" ಎಂದು ಮತ್ತೆ ಕೆಳಗಿಳಿದು ಡಿಕ್ಕಿಯ ಮೂಲಕ ಒಳಗೆ ತೂರಿ ಸ್ಟಿಯರಿಂಗಿನ ಮುಂದೆ ಕೂತು ಗುಂಡಿ ಒತ್ತಿದರು.

ವಿಂಚು ಕುಯ್ಯೆಂದಿತು. ಹಗ್ಗ ವೀಣೆಯ ತಂತಿಯಂತೆ ಬಿಗಿಯಿತು. ಗಾಡಿ ಒಂದು ಗುಲಗಂಜಿಯಷ್ಟೂ ಮುಂದೆ ಬರಲಿಲ್ಲ. ಬಂದದ್ದು ಕಂಬ. ಅದರ ಹಿಂದೆ ಗೋಡೆ. ಗೋಡೆಯ ಹಿಂದೆ ಕಾಲುವೆ.

ಕೆಂಪು ನೀರು ಗಾಜಿಗೆ ಅಪ್ಪಳಿಸಿದಾಗ ಯಜಮಾನರು ಕಣ್ಣು ಮುಚ್ಚಿಕೊಂಡರು, ಈ ಸಲ ಎರಡನ್ನೂ. ನೀರು ಗಾಡಿಯ ಅಕ್ಕಪಕ್ಕ, ಅಡಿಯಿಂದ ನುಗ್ಗಿ ನೆಲಮಾಳಿಗೆಗೆ ಧುಮುಕಿತು. ಸೊಂಡಿಲಿನ ದಯೆಯಿಂದ ಎಂಜಿನ್ ಮಾತ್ರ ಏನೂ ಆಗದಂತೆ ಉಸಿರಾಡುತ್ತಿತ್ತು. ಬೆನ್ನು ನೀವುವ ಸೀಟು ಬೆನ್ನು ನೀವುತ್ತಲೇ ಇತ್ತು. ಹಿಂದೆ ಕತ್ತಲಲ್ಲಿ ನೆರೆಯವರ ಕಾರುಗಳು ಒಂದೊಂದಾಗಿ ತಾವೇ ಹಾರನ್ ಹೊಡೆಯತೊಡಗಿದವು. ನೀರೊಳಗೆ ಅವುಗಳ ದೀಪ ಹತ್ತಿತು, ಸ್ವಲ್ಪ ಹೊತ್ತು ಹಸಿರಾಗಿ ಉರಿಯಿತು, ಆರಿತು. ಹಾರನ್ನುಗಳ ಕೂಗು ಕ್ಷೀಣವಾಗುತ್ತಾ ಗೊರಗೊರ ಎಂದು ನಿಂತುಹೋಯಿತು. ತೀರಿಹೋಗುವ ಮನುಷ್ಯರ ಪಕ್ಕದಲ್ಲಿ ಕೂತವರಿಗಷ್ಟೇ ಗೊತ್ತಿರುವಂಥ ಸದ್ದು ಅದು. ಯಜಮಾನರು ಕಿವಿ ಮುಚ್ಚಿಕೊಂಡು ಕೂತರು.

ಕಾಲುವೆಯ ಆವೇಶ ಇಳಿದ ಮೇಲೆ ಸ್ಪ್ಯಾನರ್ ಅವರನ್ನು ಕಿಟಕಿಯಿಂದ ಬಾನೆಟ್ಟಿನ ಮೇಲಕ್ಕೆ ಎಳೆದುಕೊಂಡ. ಸದ್ಯ, ಮೆಟ್ಟಿಲ ಕಡೆ ಓಡಿದ್ದರಿಂದ ಯಾರ ಜೀವಕ್ಕೂ ಏನೂ ಆಗಿರಲಿಲ್ಲ. ಆದರೆ ಅಂಗಳದಲ್ಲಿ ನಿಂತಿದ್ದ ಮುಖಗಳನ್ನು ನೋಡಿ, ತಮ್ಮ ಜೀವವಾದರೂ ಹೋಗಬಾರದಿತ್ತೇ ಅನ್ನಿಸಿತು ಯಜಮಾನರಿಗೆ.

"ನಂದು ಸೀಟಿನ ಪ್ಲಾಸ್ಟಿಕ್ಕೂ ತೆಗೆದಿರ್ಲಿಲ್ಲ" ಎಂದರು ಮೇಷ್ಟ್ರು, ಗೋಡೆಗೆ ಹೇಳಿದಂತೆ.

"ಪೊಲೀಸರನ್ನ ಕರೀರಿ" ಎಂದರು ಬೇಕರಿ ಯಜಮಾನ. "ಬೇಡ, ಮೊದಲು ನಾವೇ ನಾಲ್ಕು ಬಿಗಿಯೋಣ. ಆಮೇಲೆ ಕರೀರಿ."

ಮಳೆ ಸಣ್ಣಗಾಗಿತ್ತು. ಯಜಮಾನರು ನೆನೆದ ಕೋಳಿಯಂತೆ ನಡುಗುತ್ತಾ ತಲೆ ತಗ್ಗಿಸಿ ನಿಂತರು. ಏಟು ಬಿದ್ದರೆ ತಿನ್ನುವುದೇ ಎಂದು ನಿರ್ಧಾರ ಮಾಡಿಬಿಟ್ಟಿದ್ದರು. ಏಟು ಬೀಳಲಿಲ್ಲ. ಕಾರ್ಯದರ್ಶಿ ಮೇಡಂ ಫೋನು ಕಿವಿಗಿಟ್ಟುಕೊಂಡೇ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ವಿಮೆಯವರ ಜೊತೆ ಮಾತು ನಡೆದಿತ್ತು.

"ಹೌದು ಸರ್... ಮಳೆಗೆ... ಹೌದಾ? ಪೂರ್ತಿನಾ?... ಓಹೋ, ಯಾರಾದ್ರೂ ಬೀಳಿಸಿದ್ರೆ ಆಗಲ್ವಾ?... ಇಲ್ಲ ಇಲ್ಲ, ತಾನಾಗೇ ಬಿದ್ದಿದ್ದು."

ಫೋನ್ ಇಟ್ಟು ಸುತ್ತಲೂ ನೋಡಿದರು. "ಗೋಡೆ ಮಳೆಗೇ ಬಿದ್ದಿದ್ರೆ ಎಲ್ಲರಿಗೂ ಹೊಸ ಕಾರು. ಯಾರೋ ಎಳೆದು ಬೀಳಿಸಿದ್ರೆ ಯಾರಿಗೂ ಏನೂ ಇಲ್ಲ. ತಪಾಸಣೆಗೆ ಸಂಜೇನೇ ಬರ್ತಾರಂತೆ."

 ಮೇಷ್ಟ್ರ ಮುಖದಲ್ಲಿ ನಿಧಾನವಾಗಿ ಬೆಳಕು ಮೂಡಿತು. "ಗೋಡೆ ಹಳೇದಾಗಿತ್ತು. ನೀರಿನ ಒತ್ತಡ. ಸರಳ ವಿಜ್ಞಾನ."

"ಮಳೆಗೇ ಬಿದ್ದಿದ್ದು" ಎಂದರು ಬೇಕರಿ ಯಜಮಾನ. "ನಾನೇ ಕಣ್ಣಾರೆ ನೋಡಿದೆ."

ಯಜಮಾನರ ಕಣ್ಣಲ್ಲಿ ನೀರು ತುಂಬಿತು. "ನಿಮ್ಮ ಉಪಕಾರ ನಾನು..." ಎಂದು ಕೈ ಮುಗಿಯಲು ಹೋದರು.

"ಉಪಕಾರ ಆಮೇಲೆ" ಎಂದರು ಮೇಡಂ. "ವಿಂಚ್ ಇರೋ ಗಾಡಿ ಅಲ್ಲಿ ನಿಂತಿದ್ರೆ ಸಣ್ಣ ಮಗೂಗೂ ಅರ್ಥ ಆಗುತ್ತೆ. ಅದು ಇಲ್ಲಿರಬಾರದು. ಇರ್ಲೇ ಇಲ್ಲ."

"ಅಂದ್ರೆ?"

"ಅಂದ್ರೆ ನಿಮಗೆ ಗಾಡಿನೇ ಇಲ್ಲ. ಸ್ಕೂಟರಲ್ಲಿ ಓಡಾಡೋರು ನೀವು."

ಬೆಳಿಗ್ಗೆಯಿಂದ ಆಗದ ಕೆಲಸ ಆಮೇಲೆ ಎಷ್ಟು ಬೇಗ ಆಯಿತೆಂದರೆ ಯಜಮಾನರಿಗೆ ನೋಡಲೂ ಪುರುಸೊತ್ತಾಗಲಿಲ್ಲ. ಬೇಕರಿ ಯಜಮಾನ ಸುತ್ತಿಗೆ ತಂದರು, ಇನ್ಯಾರೋ ಹಾರೆ ತಂದರು. ಕ್ಯಾರಿಯರನ್ನು ಜಜ್ಜಿ ನೆತ್ತಿಯೊಳಕ್ಕೇ ಇಳಿಸಿದರು. ಟಯರುಗಳ ಗಾಳಿ ತೆಗೆದರು. ಪ್ರತಿಯೊಂದು ಏಟಿನಲ್ಲೂ ವಿಮೆಯವರು ಕೊಡಲಾರದ ಒಂದು ಸಮಾಧಾನವಿತ್ತು. ಎಲ್ಲರೂ ಸೇರಿ "ಹೋ" ಎಂದು ಎಳೆದಾಗ ಗಾಡಿ ಸತ್ತ ಆನೆಯಂತೆ ಹೊರಬಂತು. ನಂಬರ್ ಪ್ಲೇಟುಗಳನ್ನು ಸ್ಪ್ಯಾನರ್ ಬಿಚ್ಚಿದ. "ಕ್ಷಮಿಸಿ ಭಾವ" ಎಂದ, ಮುಖ ನೋಡದೆ. ಪಕ್ಕದ ಖಾಲಿ ಜಾಗಕ್ಕೆ ತಳ್ಳಿ ಮೇಲೆ ಬೇಕರಿಯ ಟಾರ್ಪಾಲು ಹೊದಿಸಿದರು.

ವಿಮೆಯ ಅಧಿಕಾರಿ ಮೊಣಕಾಲುದ್ದದ ಬೂಟು ಹಾಕಿಕೊಂಡು ಬಂದ. ಬಿದ್ದ ಗೋಡೆ ನೋಡಿ ತಲೆ ಅಲ್ಲಾಡಿಸಿದ, ಮುಳುಗಿದ ಕಾರುಗಳತ್ತ ಟಾರ್ಚು ಬಿಟ್ಟು "ತ್ಚು ತ್ಚು" ಎಂದ. ಎಲ್ಲರ ಕಾರಿನ ವಿವರ ಕೇಳಿಕೊಂಡು ಕೊನೆಗೆ ಮೂಲೆಯಲ್ಲಿ ನಿಂತಿದ್ದ ಯಜಮಾನರ ಕಡೆ ತಿರುಗಿದ.

"ನಿಮ್ಮದು ಯಾವುದು ಸರ್?"

ಮೇಡಂ ಜೋರಾಗಿ ಕೆಮ್ಮಿದರು.

"ನಂಗೆ... ಗಾಡಿ ಇಲ್ಲ."

"ಪುಣ್ಯವಂತರು ನೀವು" ಎಂದ ಅಧಿಕಾರಿ. ಹೊರಡುವವನು ಟಾರ್ಪಾಲಿನ ಮುಂದೆ ನಿಂತ. "ಇದೇನು?"

"ಯಾರೋ ಬಿಟ್ಟು ಹೋದ ಗುಜರಿ ಸರ್" ಎಂದರು ಮೇಡಂ. "ಯಾವ ಕಾಲದ್ದೋ ಏನೋ."

"ಹೀಗೆಲ್ಲಾ ಬಿಟ್ಕೋಬಾರದು ನೋಡಿ, ನೀರು ನಿಂತು ಕಾಯಿಲೆ ಬರುತ್ತೆ. ನಗರಸಭೆಯ ಕ್ರೇನು ಮುಂದಿನ ಬೀದೀಲೇ ಇದೆ, ನಮ್ಮ ಪರಿಚಯದವರು. ಈಗ್ಲೇ ಎತ್ತಿಸ್ತೀನಿ, ನೀವೇನೂ ಯೋಚನೆ ಮಾಡ್ಬೇಡಿ."

ಬೇಡ ಅನ್ನಲು ಯಜಮಾನರು ಬಾಯಿ ತೆರೆದರು. ಮೇಷ್ಟ್ರ ಕೈ ಮೆಲ್ಲಗೆ ಅವರ ಹೆಗಲ ಮೇಲೆ ಬಿತ್ತು. ಬಾಯಿ ಮುಚ್ಚಿದರು.

ಕ್ರೇನು ಬಂತು. ಮುಂದಿನ ಚಕ್ರ ಎತ್ತಿ ಕಟ್ಟಿಕೊಂಡು ಗಾಡಿಯನ್ನು ಎಳೆದುಕೊಂಡು ಹೊರಟಿತು. ಆಗ ಅವರ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು.

"ಮಣ್ಣಾಯ್ತು" ಎಂದಳು ಹೆಂಡತಿ. ಅತ್ತು ಅತ್ತು ದನಿ ಒಡೆದಿತ್ತು, ಮೆತ್ತಗಾಗಿತ್ತು. "ಕೊನೇ ಸಲ ಮುಖ ನೋಡಿದೆ. ನೀವೂ ಇರಬೇಕಿತ್ತು... ಬೆಳಿಗ್ಗೆ ನಾನು ಹಾಗೆ ಬಿಟ್ಟು ಬರಬಾರದಿತ್ತು ರೀ. ಗಾಡಿ ಹೊರಗೆ ಬಂತಾ?"

"ಬಂತು."

"ಏನೂ ಆಗಿಲ್ಲ ತಾನೆ? ಓಡುತ್ತಾ?"

ಯಜಮಾನರು ಬೀದಿಯ ತಿರುವಿನಲ್ಲಿ ಮರೆಯಾಗುತ್ತಿದ್ದ ಟಾರ್ಪಾಲನ್ನೇ ನೋಡುತ್ತಾ ನಿಂತಿದ್ದರು.

"ಓಡ್ತಾ ಇದೆ" ಎಂದರು.