ಮುತ್ಯಾಲಮ್ಮನ ಚಂದ್ರಿಕೆ

ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಗೋಡೆಯ ಮೇಲಿದ್ದ ದೀಪ ಮಾಯ. ಅದೂ ಇವತ್ತೇ ಆಗಬೇಕೇ!

ವಕ್ಕಲೇರಿಯ ಮುನೇಶ್ ಯಾವ ಕಾಲೇಜಿನ ಮೆಟ್ಟಿಲೂ ಹತ್ತದೆ ಕುರ್ಚಿ, ದೀಪಗಳ ಡಿಸೈನರ್ ಆದವನು. ಮುರಿದ ನೊಗ ಸಿಕ್ಕರೆ ಬೆಂಚು ಮಾಡುತ್ತಿದ್ದ. ಊರವರು ಮಾತ್ರ ಅದನ್ನು ಮುರಿದ ನೊಗ ಎಂದೇ ಕರೆಯುತ್ತಿದ್ದರು. ಕಾಣೆಯಾದ ದೀಪ ತೀರಿಹೋದ ಅವ್ವ ಮುತ್ಯಾಲಮ್ಮನ ಚಂದ್ರಿಕೆ, ಅಂದರೆ ರೇಷ್ಮೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿ. ಅವ್ವ ಅದರ ಹಿಂದೆ ಲಾಟೀನು ಇಟ್ಟರೆ ಗೋಡೆ ತುಂಬ ಸುರುಳಿ ಸುರುಳಿ ನೆರಳು. ಚಾಪೆಯ ಮೇಲೆ ಮಲಗಿ ಅದನ್ನು ನೋಡುತ್ತಲೇ ಅವನು ಬೆಳಕಿನ ವಿದ್ಯೆ ಕಲಿತದ್ದು. ಎಂಥ ಕಾಲ ಅದು!

ಆ ಚಂದ್ರಿಕೆಗೇ ಈಗ ಬಲ್ಬು ಕೂರಿಸಿದ್ದ. ಬೆಂಗಳೂರಿನ ಹೋಟೆಲೊಂದಕ್ಕೆ ದೀಪ ಆರಿಸುವ ಶಿವಾನಿ ಸಂಜೆ ನೋಡಲು ಬರುವವಳಿದ್ದಳು. ಆರ್ಡರ್ ಸಿಗದಿದ್ದರೆ ಸೋಮವಾರದಿಂದ ನರಸಾಪುರದ ಫ್ಯಾಕ್ಟರಿ ಕೆಲಸಕ್ಕೆ ಕಂಪನಿ ಬಸ್ ಹತ್ತುತ್ತೇನೆಂದು ಹೆಂಡತಿ ಸುನಂದಳಿಗೆ ಮಾತು ಕೊಟ್ಟಾಗಿತ್ತು.

"ನಿಮ್ ಚಂದ್ರಿಕೆನಾ? ಪಕ್ಕದ್ಮನೆ ಭಾರತಕ್ಕ ತಗೊಂಡೋದ್ರು," ಅಂದಳು ಸುನಂದ.

"ಅದು ದೀಪ ಕಣೇ!"

"ಅವರ ಹುಳ ಹಣ್ಣಾಗಿ ಗೂಡು ಕಟ್ಟೋಕೆ ನಿಂತಿದ್ವು. ಇಲ್ಲ ಅನ್ನೋಕಾಗ್ತದಾ?"

ಮುನೇಶ್ ಭಾರತಮ್ಮನ ಮನೆಗೆ ಓಡಿದ. ಚಂದ್ರಿಕೆ ತುಂಬ ಹುಳು! ತಲೆಯಾಡಿಸುತ್ತಾ ನೂಲು ಬಿಡುತ್ತಿದ್ದವು.

"ಅಕ್ಕಾ, ಕೊಟ್ಬಿಡಕ್ಕಾ!"

"ಅಯ್ಯೋ ನಾಯ್ನಾ, ನೂಲು ಶುರುವಾದ್ಮೇಲೆ ಅಲ್ಲಾಡಿಸ್ತಾರಾ? ನಿಮ್ಮವ್ವ ಯಾವತ್ತಾದ್ರೂ ಚಂದ್ರಿಕೆ ಇಲ್ಲ ಅಂದಿದ್ಲಾ? ಇದಕ್ಕೆ ವೈರ್ ಯಾಕಪ್ಪಾ ಕಟ್ಟಿದ್ದೀಯ, ಬಟ್ಟೆ ಒಣಗಾಕೋಕಾ?"

ಅವ್ವನ ಹೆಸರು ಬಂದ ಮೇಲೆ ಇವನು ಬರಿಗೈಲಿ ಮನೆಗೆ ತಿರುಗಿದ. ಹುಳು ಹಣ್ಣಾದ ದಿನ ಅವ್ವ ಕೇಳಿದವರಿಗೆಲ್ಲ ಕೊಡುತ್ತಿದ್ದಳು, ಕೇಳದೆ ಒಯ್ದವರನ್ನೂ ಬೈಯುತ್ತಿರಲಿಲ್ಲ. ಮಧ್ಯಾಹ್ನ ಅದರ ಬದಲಿಗೆ ಮೊರಕ್ಕೆ ಬಲ್ಬು ಕಟ್ಟಿ ನೋಡಿದ. ರಾಗಿ ಕೇರಬೇಕೆಂದು ಸುನಂದ ಅದನ್ನೂ ಕಿತ್ತುಕೊಂಡಳು.

ಸಂಜೆ ಶಿವಾನಿ ಬಂದಳು. ಬೇರೆ ದಾರಿಯಿಲ್ಲದೆ ಅವಳನ್ನು ಭಾರತಮ್ಮನ ಮನೆಗೇ ಕರೆದೊಯ್ದು ಸ್ವಿಚ್ ಹಾಕಿದ. ಹಳದಿ ನೂಲಿನ ತೆಳು ಪರದೆಯೊಳಗಿಂದ ಬಂಗಾರದಂಥ ಬೆಳಕು! ಗೋಡೆಯ ಮೇಲೆ ಅದೇ ಸುರುಳಿ ನೆರಳು. ಅವ್ವ ಪಕ್ಕದಲ್ಲೇ ಕೂತಂತಾಗಿ ಮುನೇಶನ ಕಣ್ಣು ತುಂಬಿತು.

"ವಾವ್! ಇಂಥವೇ ಇಪ್ಪತ್ತು ಬೇಕು. ಇದನ್ನ ಮಾಡಿದ್ದು ಯಾರು?" ಶಿವಾನಿ ಕೇಳಿದಳು.

ಅವನು ಕಣ್ಣೊರೆಸಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಭಾರತಮ್ಮ ಮುಂದೆ ಬಂದಳು. "ನಮ್ ಹುಳಗಳು ಕಣಮ್ಮಾ. ಮುಂದಿನ ಬೆಳೆಗೆ ಇನ್ನೂ ಚೆನ್ನಾಗಿ ಕಟ್ಟಿಸ್ತೀನಿ."

"ಮೇಡಂ, ದೀಪ ನಂದು..."

"ಓ, ವೈರಿಂಗ್ ನಿಮ್ದಾ? ನೀಟಾಗಿದೆ," ಎಂದ ಶಿವಾನಿ ಆರ್ಡರನ್ನು ಭಾರತಮ್ಮನಿಗೇ ಕೊಟ್ಟು ಕಾರು ಹತ್ತಿದಳು.

ಭಾರತಮ್ಮ ಮುನೇಶನ ಬೆನ್ನು ತಟ್ಟಿದಳು. "ಬೇಜಾರಾಗ್ಬೇಡ ನಾಯ್ನಾ. ಸೋಮವಾರದಿಂದ ಬಾ. ಬಲ್ಬ್ ಸಿಗಿಸೋ ಕೆಲಸ ನಿಂದೇ."

"ಸೋಮವಾರ ಆಗಲ್ಲಕ್ಕಾ," ಬಾಗಿಲಿನಿಂದ ಸುನಂದ ಕೂಗಿದಳು, "ಅವರಿಗೆ ಬಸ್ಸಿದೆ!"