ಸ್ಟೆಂಟು ಕಣ್ಣಿಗೆ ಸ್ವಾಮೀ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ, ಡ್ರೈವರಣ್ಣನ ಹೆಂಡತಿ ಮೆಟ್ಟಿಲ ಮೇಲೆ ನಿಂತು ತನ್ನ ಅಕ್ಕನಿಗೆ ಮಾಡಿದ ಒಂದು ಫೋನು. "ಪೊರೆ ತೆಗೆಯೋವಾಗ್ಲೇ ಒಂದು ಸ್ಟೆಂಟೂ ಹಾಕಿದ್ರಕ್ಕಾ, ಒಂದೇ ಸಲಕ್ಕೆ ಎರಡೂ ಮುಗೀತು," ಎಂದಿದ್ದಳು ಅವಳು. ಕೆಳಮನೆಯ ನಿವೃತ್ತ ಮೇಷ್ಟ್ರ ಕಿವಿಗೆ ಬಿದ್ದದ್ದು ಸ್ಟೆಂಟು ಎಂಬ ಒಂದೇ ಪದ. ಸ್ಟೆಂಟು ಎಂದ ಮೇಲೆ ಹೃದಯ. ನಲವತ್ತು ವರ್ಷ ಭೂಗೋಳ ಕಲಿಸಿದವರಿಗೆ ಯಾವ ವಸ್ತು ಎಲ್ಲಿರುತ್ತದೆಂದು ಬೇರೆಯವರು ಹೇಳಿಕೊಡಬೇಕೆ?

ನಿಜ ಸಂಗತಿ ಇಷ್ಟೆ. ಡ್ರೈವರಣ್ಣನ ಬಲಗಣ್ಣಿಗೆ ಪೊರೆ ಬಂದಿತ್ತು. ಜೊತೆಗೆ ಕಣ್ಣೊಳಗೆ ನೀರಿನ ಒತ್ತಡ ಏರುವ ಗ್ಲುಕೋಮಾ ಬೇರೆ. ಅದಕ್ಕೆ ಎರಡು ವರ್ಷದಿಂದ ದಿನಾ ಹನಿ ಹಾಕಿಕೊಳ್ಳುತ್ತಿದ್ದ. ಕಣ್ಣಿನ ಡಾಕ್ಟರಮ್ಮ ಪೊರೆ ತೆಗೆದ ಕೈಯಲ್ಲೇ, ಆ ನೀರು ಹರಿದುಹೋಗಲಿ ಎಂದು ಸಾಸಿವೆ ಕಾಳಿಗಿಂತ ಸಣ್ಣ ಕೊಳವೆಯೊಂದನ್ನು ಕೂರಿಸಿದ್ದರು. ಅದರ ಹೆಸರೇ ಸ್ಟೆಂಟು. ಈಗ ಒತ್ತಡವೂ ಇಳಿದಿತ್ತು, ದೂರದ ಬೋರ್ಡುಗಳೆಲ್ಲ ತೊಳೆದಿಟ್ಟಂತೆ ಕಾಣುತ್ತಿದ್ದವು.

ತಿಂಗಳ ರಜೆ ಮುಗಿದು, ಇಸ್ತ್ರಿ ಮಾಡಿದ ಯೂನಿಫಾರ್ಮ್ ತೊಟ್ಟು ಬೆಳಿಗ್ಗೆ ಹೊರಟವನ ಕೈಯಿಂದ ಮೇಷ್ಟ್ರು ಚೀಲ ಕಿತ್ತುಕೊಂಡರು. ಮೆಟ್ಟಿಲ ತಿರುವಿನಲ್ಲಿ ಅವನಿಗಾಗಿ ಒಂದು ಕುರ್ಚಿಯನ್ನೂ ಹಾಕಿಸಿದ್ದರು.

"ಮೇಷ್ಟ್ರೇ, ಆಪರೇಷನ್ ಆಗಿರೋದು ಕಣ್ಣಿಗೆ."

"ಹೌದಪ್ಪ, ಹೌದು," ಎನ್ನುತ್ತ, ಹೋಂವರ್ಕ್ ಮನೆಯಲ್ಲೇ ಮರೆತೆ ಎನ್ನುವ ಹುಡುಗನ ಬೆನ್ನು ತಟ್ಟುವಂತೆ ಅವನ ಬೆನ್ನು ತಟ್ಟಿದರು. "ಮನೆಯವರಿಗೆ ಗಾಬರಿ ಆಗಬಾರದು ಅಂತ ಹಾಗಂತೀಯ. ಒಳ್ಳೇ ಮನಸ್ಸು. ಆದ್ರೆ ಸಿಟ್ಟು ಮಾಡ್ಕೋಬೇಡ, ಅದು ಹೃದಯಕ್ಕೆ ಒಳ್ಳೇದಲ್ಲ."

ಸಿಟ್ಟು ಬಂದದ್ದು ಆಗಲೇ.

ಮೇಷ್ಟ್ರ ಅಳಿಯ ಡ್ರೈವರಣ್ಣನ ಬಸ್ಸಿನ ಕಂಡಕ್ಟರೇ ಆಗಿದ್ದರಿಂದ ಸುದ್ದಿ ಅವನಿಗಿಂತ ಮೊದಲೇ ಡಿಪೋ ತಲುಪಿತ್ತು. ಕ್ಯಾಂಟೀನಿನಾಕೆ ಕೇಳದೆಯೇ ಸಕ್ಕರೆಯಿಲ್ಲದ ಚಹಾ ಕೊಟ್ಟಳು. ಮೆಕ್ಯಾನಿಕ್ ಡೀಸೆಲ್ ಪೈಪಿನಲ್ಲಿ ಕಸ ಕಟ್ಟುವುದನ್ನೂ ರಕ್ತನಾಳವನ್ನೂ ಹೋಲಿಸಿ ಅರ್ಧ ಗಂಟೆ ಪಾಠ ಮಾಡಿದ. ಬಸ್ಸಿನ ಹತ್ತಿರ ಹೋದರೆ ಅವನ ಸೀಟಿನಲ್ಲಿ ಬೇರೊಬ್ಬ ಕೂತಿದ್ದ. ಡ್ರೈವರಣ್ಣ ಕಣ್ಣು ಅಗಲಿಸಿ ತೋರಿಸಿದ. ಅಷ್ಟು ಅಗಲ ಮಾಡಬೇಡ, ಎದೆ ಬಡಿತ ಏರುತ್ತದೆ ಎಂದರು. ದನಿ ಏರಿಸಿದ, ಇಬ್ಬರು ಓಡಿಬಂದು ರಟ್ಟೆ ಹಿಡಿದು ಬೆಂಚಿನ ಮೇಲೆ ಕೂರಿಸಿದರು. ಸಿಟ್ಟು ಮಾಡಿದಷ್ಟೂ ಅವನ ಕಾಯಿಲೆಗೆ ಸಾಕ್ಷಿ ಹೆಚ್ಚುತ್ತಿತ್ತು. ಇಪ್ಪತ್ತಾರು ವರ್ಷ ಒಂದು ಕೋಳಿಗೂ ಬಸ್ಸು ತಾಗಿಸದವನು ತನ್ನ ಎದೆಯ ಮಾತನ್ನು ತಾನೇ ಹೇಳಿದರೆ ನಂಬುವವರಿಲ್ಲವಲ್ಲ ಎಂದು ಅವನ ಹೊಟ್ಟೆ ಉರಿದುಹೋಯಿತು.

ಆಮೇಲೆ ಕಂಡಕ್ಟರ್ ಕಿವಿಯಲ್ಲಿ ಉಸುರಿದ: ಮ್ಯಾನೇಜರ್ ಸಾಹೇಬರಿಗೂ ವಿಷಯ ಗೊತ್ತಾಗಿದೆ, ಏನೋ ಆರ್ಡರ್ ಬರೆಯುತ್ತಿದ್ದಾರೆ. ಡ್ರೈವರಣ್ಣ ತಡಮಾಡಲಿಲ್ಲ. ಆಟೋ ಹಿಡಿದು ಆಸ್ಪತ್ರೆಗೆ ಹೋದ. ಎರಡು ಗಂಟೆ ಸಾಲಿನಲ್ಲಿ ಕಾದ. ಡಾಕ್ಟರಮ್ಮ ನಗು ತಡೆದುಕೊಂಡು, ಯಾರಿಗೂ ಅನುಮಾನ ಉಳಿಯದ ಹಾಗೆ ಪತ್ರ ಬರೆದುಕೊಟ್ಟರು.

ಮಧ್ಯಾಹ್ನ ಅವನು ಡಿಪೋಗೆ ನುಗ್ಗಿದ ರೀತಿ ನೋಡಿ ಮೆಕ್ಯಾನಿಕ್ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. ಎಲ್ಲರನ್ನೂ ಮ್ಯಾನೇಜರ ಕೋಣೆಗೆ ಕರೆದೊಯ್ದು, ಪತ್ರವನ್ನು ಮೇಜಿನ ಮೇಲೆ ಇಟ್ಟ.

"ಜೋರಾಗಿ ಓದಿ ಸಾರ್. ಎಲ್ಲಾರಿಗೂ ಕೇಳ್ಲಿ."

ಮ್ಯಾನೇಜರು ಓದಿದರು. ಹೃದಯಕ್ಕೆ ಸಂಬಂಧವಿಲ್ಲ, ಬಲಗಣ್ಣಿನ ಪೊರೆ, ಎರಡು ವರ್ಷದಿಂದ ಗ್ಲುಕೋಮಾ, ಸ್ಟೆಂಟು ಅದಕ್ಕೇ, ಈಗ ದೃಷ್ಟಿ ಚೆನ್ನಾಗಿದೆ, ವಾಹನ ನಡೆಸಲು ಅಡ್ಡಿಯಿಲ್ಲ. ಕಂಡಕ್ಟರ್ ತಲೆ ತಗ್ಗಿಸಿದ. ಕ್ಯಾಂಟೀನಿನಾಕೆ ಸೆರಗು ಸರಿಮಾಡಿಕೊಂಡಳು. ಡ್ರೈವರಣ್ಣ ಮದುವೆ ಗಂಡಿನ ಹಾಗೆ ನಿಂತಿದ್ದ.

ಮ್ಯಾನೇಜರು ಮಾತ್ರ ಕನ್ನಡಕ ತೆಗೆದು ಒರೆಸತೊಡಗಿದರು. "ಗ್ಲುಕೋಮಾನಾ? ಅಲ್ಲಾರೀ, ಅಲ್ಲಿ ಗೋಡೆ ಮೇಲಿರೋ ಹೊಸ ಸುತ್ತೋಲೆ ಕಾಣುತ್ತಾ ನಿಮಗೆ?"

ಕಾಣದೆ ಏನು. ಅಷ್ಟು ದೂರದಿಂದ, ಕನ್ನಡಕವಿಲ್ಲದೆ, ಇರುವೆಯಂಥ ಅಕ್ಷರಗಳನ್ನು ಡ್ರೈವರಣ್ಣ ಹೆಮ್ಮೆಯಿಂದ ಒಂದೇ ಉಸಿರಿಗೆ ಓದತೊಡಗಿದ: "ಗ್ಲುಕೋಮಾ ಇರುವ ಚಾಲಕರು ವೈದ್ಯ ಮಂಡಳಿ ಪರೀಕ್ಷಿಸುವವರೆಗೆ ಸ್ಟಿಯರಿಂಗ್ ಮುಟ್ಟತಕ್ಕದ್ದಲ್ಲ. ಮಂಡಳಿ ಆರು ತಿಂಗಳಿಗೊಮ್ಮೆ..." ಅಲ್ಲಿಗೆ ದನಿ ಸಣ್ಣದಾಯಿತು.

"ಮಂಡಳಿ ಹೋದ ವಾರ ತಾನೇ ಸೇರಿತ್ತು," ಎಂದರು ಮ್ಯಾನೇಜರು, ನಿಜವಾದ ಬೇಸರದಿಂದ. "ಇನ್ನಾರು ತಿಂಗಳು ಗೇಟಿನ ಹತ್ತಿರ ಕೂತು ಬಸ್ಸು ಎಣಿಸ್ಬೇಕು ನೀವು. ಹೃದಯ ಅಂದ್ಕೊಂಡು ಹೊಸ ಬಸ್ಸು, ದಿನಕ್ಕೆ ನಾಲ್ಕೇ ಟ್ರಿಪ್ಪಿನ ಲೈನು ಕೊಟ್ಟು ಆರ್ಡರ್ ಬರೆದಿಟ್ಟಿದ್ದೆ. ಹೃದಯದವರಿಗೆ ಹಗುರ ಕೆಲಸ ಕೊಡಬಹುದು ಅಂತ ಅದೇ ಸುತ್ತೋಲೆಯ ಕೊನೇ ಸಾಲಿನಲ್ಲಿದೆ." ಆರ್ಡರನ್ನು ಎರಡಾಗಿ ಹರಿದು ಬುಟ್ಟಿಗೆ ಹಾಕಿದರು.

ಡ್ರೈವರಣ್ಣ ಬುಟ್ಟಿಯನ್ನು ನೋಡಿದ. ಹರಿದ ಕಾಗದದಲ್ಲಿ ತನ್ನ ಹೆಸರು ಸ್ಪಷ್ಟವಾಗಿ ಕಾಣುತ್ತಿತ್ತು. ನಿಧಾನವಾಗಿ ಬಲಗೈಯನ್ನು ಎದೆಯ ಎಡಭಾಗದ ಮೇಲಿಟ್ಟುಕೊಂಡ.

"ಸಾರ್, ಬೆಳಿಗ್ಗೆಯಿಂದ ಇಲ್ಲೊಂದು ಥರಾ ನೋವಿದೆ ಸಾರ್."

ಯಾರೂ ನಂಬಲಿಲ್ಲ.