ನಿಧಾನವಾಗಿ ಹೇಳಿ, ಬರೆದುಕೊಳ್ಳುತ್ತಿದ್ದೇನೆ

ವಯಸ್ಸಾದವರು ನಾಲ್ಕು ಮಂದಿ ಒಂದು ಕಡೆ ಸೇರಿ, ಇನ್ನು ಚಿಕ್ಕವರಿಗೆ ದಾರಿ ತೋರಿಸೋಣ ಎಂದು ಹೊರಟರೆ ಏನಾದರೊಂದು ಎಡವಟ್ಟು ಆಗದೆ ಇರುವುದಿಲ್ಲ. ಮುಂಬಯಿ ಪಕ್ಕದ ನಮ್ಮ ಡೊಂಬಿವಲಿಯ ಕನ್ನಡ ಸಂಘದಲ್ಲಿ ಇದು ಭಾನುವಾರಕ್ಕೊಂದರಂತೆ ಆಗುತ್ತಿದೆ. ಬೇರೆಯವರ ಎಡವಟ್ಟು ಹೇಳಿ ನಗುವ ಜಾಯಮಾನ ನನ್ನದಲ್ಲ. ಆದರೆ ಇದರಲ್ಲಿ ನನ್ನ ಪಾಲೂ ಇರುವುದರಿಂದ ಹೇಳುವ ಹಕ್ಕು ಇದೆ ಎಂದುಕೊಂಡಿದ್ದೇನೆ.

೧. ಹೆಂಡತಿ ತುಂಬಿದ ಫಾರಂ

ಶುರು ಮಾಡಿದವರು ಸಂಘದ ಅಧ್ಯಕ್ಷರು. "ನಮ್ಮಲ್ಲಿ ಒಬ್ಬೊಬ್ಬರಿಗೂ ಒಂದೊಂದು ಶಕ್ತಿ ಇದೆ ಕಣ್ರೀ. ಅದನ್ನ ಇಲ್ಲಿನ ಹುಡುಗ ಹುಡುಗೀರಿಗೆ ಕಲಿಸಿ ಹೋಗೋಣ" ಎಂದು ಒಂದು ಫಾರಂ ಛಾಪಿಸಿ ತಂದರು. ಹೆಸರು, ವಯಸ್ಸು, ಕೊನೆಯಲ್ಲಿ 'ನಿಮ್ಮ ವಿಶೇಷ ಗುಣ' ಎಂದು ಎರಡು ಸಾಲಿನ ಜಾಗ.

ಮೊದಲ ಸಲ ಎಲ್ಲರೂ ತಮ್ಮ ತಮ್ಮ ಫಾರಂ ತಾವೇ ತುಂಬಿದೆವು. ಅಧ್ಯಕ್ಷರು ಓದಿ ನೋಡಿದರೆ ಎಲ್ಲರ ವಿಶೇಷ ಗುಣವೂ ಶಿಸ್ತು ಮತ್ತು ಪ್ರಾಮಾಣಿಕತೆ. ನನ್ನದೂ ಅದೇ. ಅಷ್ಟು ಶಿಸ್ತಿನವರು ಒಂದೇ ಸಂಘದಲ್ಲಿದ್ದರೆ ನಾಲ್ಕು ಗಂಟೆಯ ಸಭೆ ಐದಕ್ಕೆ ಯಾಕೆ ಶುರುವಾಗುತ್ತದೆ ಎಂದು ಕೇಳಿ ಅವರು ಎಲ್ಲವನ್ನೂ ಹರಿದು ಹಾಕಿದರು. ಎರಡನೆಯ ಸಲ ಹೊಸ ನಿಯಮ ಬಂತು. ಗಂಡನ ಗುಣ ಹೆಂಡತಿ ಬರೆಯಬೇಕು, ಹೆಂಡತಿಯದು ಗಂಡ.

ಹೆಂಗಸರೆಲ್ಲ ಪೆನ್ನಿನ ಮುಚ್ಚಳ ಕಚ್ಚುತ್ತ ಛಾವಣಿ ನೋಡುತ್ತಿದ್ದರು. ಒಬ್ಬಾಕೆ ಎದ್ದು ನಿಂತು, "ಇದು ಕಡ್ಡಾಯವಾ?" ಎಂದು ಕೇಳಿದರು. ನನ್ನ ಹೆಂಡತಿ ಮಾತ್ರ ಒಂದೇ ನಿಮಿಷದಲ್ಲಿ ಬರೆದು ಕೊಟ್ಟು ಚಹಾ ಕುಡಿಯಲು ಹೋದಳು. ಅಧ್ಯಕ್ಷರು ಗಟ್ಟಿಯಾಗಿ ಓದಿದರು: "ಎಷ್ಟು ಬೈದರೂ ತಾಳಿಕೊಳ್ಳುತ್ತಾರೆ. ಎದುರು ಮಾತಾಡುವುದಿಲ್ಲ."

ನಾನು ಇಲ್ಲೇ ಪಕ್ಕದ ಕಲ್ಯಾಣದ ಒಂದು ಗ್ಯಾಸ್ ಏಜೆನ್ಸಿಯಲ್ಲಿ ಇಪ್ಪತ್ತೆಂಟು ವರ್ಷ ದೂರಿನ ಕಿಟಕಿಯಲ್ಲಿ ಕೂತವನು. ಸಿಲಿಂಡರ್ ಬಾರದವರೆಲ್ಲ ಬಂದು ಬೈಯುತ್ತಿದ್ದದ್ದು ನನಗೇ. ಆದರೂ ಅದನ್ನೊಂದು ಗುಣವೆಂದು ನಾನೆಂದೂ ತಿಳಿದಿರಲಿಲ್ಲ. ಎಲ್ಲರೂ ನಗುತ್ತಿದ್ದಾಗ ಅಧ್ಯಕ್ಷರು ಹೆಂಡತಿಯನ್ನು ಕೇಳಿದರು, "ಮೇಡಂ, ಇದು ಶಕ್ತೀನಾ?"

"ಇಲ್ಲಿ ಬೇರೆ ಯಾರಲ್ಲಾದ್ರೂ ಉಂಟಾ, ಕೇಳಿ ನೋಡಿ" ಎಂದಳು ಅವಳು.

ಹೆಂಗಸರೆಲ್ಲ ಒಟ್ಟಿಗೆ ತಮ್ಮ ತಮ್ಮ ಗಂಡಂದಿರ ಕಡೆ ತಿರುಗಿದರು. ಆಮೇಲೆ ಯಾರೂ ನಗಲಿಲ್ಲ.

೨. ಅರ್ಧ ಬಿಸ್ಕತ್ತು

ನಮಗೆ ಸಿಕ್ಕ ಮೊದಲ ಶಿಷ್ಯೆ ಇಪ್ಪತ್ತೆರಡರ ಹುಡುಗಿ. ಹುಟ್ಟಿದ್ದು ಬೆಳೆದದ್ದು ಡೊಂಬಿವಲಿಯಲ್ಲೇ. ಮನೆಯಲ್ಲಿ ತುಳು, ನಮ್ಮ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಹಲವು ಕಡೆ ಇಂಟರ್‌ವ್ಯೂ ಕೊಟ್ಟು ಕೊನೆಗೆ ನೆರೂಳದ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ರಿಸೆಪ್ಷನ್ ಕೆಲಸ ಸಿಕ್ಕಿತ್ತು. ಮೂರು ತಿಂಗಳು ನೋಡಿ ಪಕ್ಕಾ ಮಾಡುತ್ತೇವೆ ಎಂದಿದ್ದರು. ಎರಡು ತಿಂಗಳು ಆಗಿತ್ತು. ಕೆಲಸವೆಲ್ಲ ಅಚ್ಚುಕಟ್ಟು, ಆದರೆ ಯಾರಾದರೂ ದನಿ ಎತ್ತಿದರೆ ಕೌಂಟರಿನಲ್ಲೇ ಅತ್ತುಬಿಡುತ್ತಿದ್ದಳು. ನಾಲ್ಕನೆಯ ಸಲ ಅತ್ತಾಗ ಮ್ಯಾನೇಜರ್ ಹೇಳಿದ್ದರಂತೆ, "ಇನ್ನೊಮ್ಮೆ ಕೌಂಟರಿನಲ್ಲಿ ಕಣ್ಣೀರು ಕಂಡರೆ ಮರುದಿನ ಬರಬೇಡ."

"ಅಂಕಲ್, ಕಾಮ್ ಅಚ್ಛಾ ಲಗತಾ ಹೈ. ಛೋಡನಾ ನಹೀ ಹೈ" ಎಂದಳು. ಇಷ್ಟದ ಕೆಲಸ ಬಿಡಲಾರೆ ಎಂದು ನಮ್ಮೆದುರೂ ಅತ್ತಳು. ನನಗೆ ಬಹಳ ಕೆಡುಕೆನಿಸಿತು.

ಮೊದಲು ಅವಳನ್ನು ಹೊಣೆಗೆ ತೆಗೆದುಕೊಂಡವರು ಹೋಟೆಲ್ ಮಾಮ. ಉಡುಪಿ ಕಡೆಯವರು, ಠಾಣೆಯ ಹೋಟೆಲೊಂದರಲ್ಲಿ ಆಯುಷ್ಯ ಸವೆಸಿದವರು. ಎಂಟು ಟೇಬಲಿನ ಆರ್ಡರನ್ನು ಒಂದಕ್ಷರ ಬರೆಯದೆ ನೆನಪಿಡುತ್ತಿದ್ದವರು. ಗಿರಾಕಿ ಕುರ್ಚಿ ಎಳೆಯುವ ಸದ್ದಿನಲ್ಲೇ ಅವನ ಮನಸ್ಸು ತಿಳಿಯುತ್ತಿದ್ದವರು. ನಿಜವಾಗಿ ಹೇಳುತ್ತೇನೆ, ಅವರ ಮುಂದೆ ನಮ್ಮ ಕಲಿಕೆಯೆಲ್ಲ ಏನೂ ಅಲ್ಲ.

"ಎಂತ ಮಾರಾಯ್ತಿ, ಗಿರಾಕಿ ಬೈಯುದು ಸಿಟ್ಟಿನಿಂದ ಅಲ್ಲ, ಹಸಿವಿನಿಂದ" ಎಂದರು ಮಾಮ. "ಬೈಲಿಕ್ಕೆ ಬಾಯಿ ತೆಗೆಯುವ ಮೊದಲೇ ಬಾಯಿಗೆ ಏನಾದ್ರೂ ಹಾಕ್ಬೇಕು."

ಹುಡುಗಿ ಮರುದಿನ ಬಿಸ್ಕತ್ತಿನ ಪೊಟ್ಟಣ ಒಯ್ದಳು. ಅವಳೇನು ದಡ್ಡಿಯಲ್ಲ. ರಕ್ತ ಕೊಡಲು ಬಂದವರು ಖಾಲಿ ಹೊಟ್ಟೆಯಲ್ಲಿರಬೇಕು ಎಂದು ಅವಳಿಗೆ ಗೊತ್ತು. ಹಾಗಾಗಿ ಜೊತೆಗೆ ಬಂದವರಿಗೆ ಮಾತ್ರ ಒಂದೊಂದು ಬಿಸ್ಕತ್ತು ಕೊಟ್ಟಳು. ಆದರೆ ನಮ್ಮ ಜನ ಪಕ್ಕದಲ್ಲಿ ಹಸಿದವರನ್ನು ಕೂರಿಸಿಕೊಂಡು ತಾವೊಬ್ಬರೇ ತಿನ್ನುತ್ತಾರೆಯೇ? ಹೆಂಡತಿ ಅರ್ಧ ಮುರಿದು ಗಂಡನಿಗೆ ಕೊಟ್ಟಳು. ಸೊಸೆ ಅರ್ಧ ಮುರಿದು ಅತ್ತೆಗೆ ಕೊಟ್ಟಳು. ಬೆಳಗ್ಗೆ ಎಂಟೂವರೆಯೊಳಗೆ ಆರು ಜನರ ಪರೀಕ್ಷೆ ಕೆಟ್ಟು, ನಾಳೆ ಬನ್ನಿ ಎಂದು ಕಳಿಸಬೇಕಾಯಿತು. ಆಶ್ಚರ್ಯವೆಂದರೆ ಆರು ಜನರಲ್ಲಿ ಒಬ್ಬರೂ ಬೈಯಲಿಲ್ಲ. ಬೈದವರು ಮ್ಯಾನೇಜರ್ ಮಾತ್ರ, ಅದೂ ಒಳಗಿನ ಕೋಣೆಯಲ್ಲಿ. ಹುಡುಗಿ ಓಡಿಹೋಗಿ ಬಾತ್‌ರೂಮಿನಲ್ಲಿ ಅತ್ತದ್ದರಿಂದ ಅದು ಲೆಕ್ಕಕ್ಕೆ ಬರಲಿಲ್ಲ.

"ನನ್ನದು ತಪ್ಪಿಲ್ಲ ಮಾರಾಯ್ರೆ" ಎಂದರು ಮಾಮ, ಸುದ್ದಿ ಕೇಳಿ. "ಬಂದವರನ್ನು ಉಪವಾಸ ಕೂರಿಸುವ ಕೌಂಟರು ನಾನು ಈವರೆಗೆ ಕಂಡದ್ದಿಲ್ಲ."

೩. ನಾಲ್ಕನೇ ಸೀಟು

ಮುಂದಿನ ಭಾನುವಾರ ಹುಡುಗಿ ನಾವೆಲ್ಲ ಮೌಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಧಾರವಾಡದವರ ಕೈಗೆ ಹೋದಳು. ಈ ಮೌಶಿ ಮೂವತ್ತು ವರ್ಷ ಡೊಂಬಿವಲಿಯಿಂದ ಬೆಳಗಿನ ಫಾಸ್ಟ್ ಲೋಕಲ್ ರೈಲಿನ ಲೇಡೀಸ್ ಡಬ್ಬದಲ್ಲಿ ಓಡಾಡಿದವರು. ಅವರ ಗುಣದ ಬಗ್ಗೆ ಗಂಡ ಬರೆದದ್ದು ಒಂದೇ ಮಾತು: "ನಿಂತು ಪ್ರಯಾಣ ಮಾಡಿದ್ದು ನೋಡಿಲ್ಲ." ಆ ಡಬ್ಬದಲ್ಲಿ ಗಾಳಿಗೂ ಜಾಗ ಇರುವುದಿಲ್ಲ ಎಂದು ಬಲ್ಲವರಿಗೆ ಇದು ಎಂಥ ಸಾಧನೆ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮೂವರು ಕೂರುವ ಬೆಂಚಿನ ತುದಿಯಲ್ಲಿ ನಾಲ್ಕನೆಯವರಿಗೆ ಗೇಣುದ್ದ ಜಾಗ ಬಿಡುವುದು ನಮ್ಮ ಲೋಕಲಿನ ಪದ್ಧತಿ. ಆದರೆ ಬಾಯಿ ಬಿಟ್ಟು ಕೇಳಬೇಕು, ಕೇಳದವರಿಗೆ ಯಾರೂ ಸರಿಯುವುದಿಲ್ಲ. ಹುಡುಗಿ ಎರಡು ತಿಂಗಳಿಂದ ಠಾಣೆಯವರೆಗೂ ನಿಂತು, ಅಲ್ಲಿ ಗಾಡಿ ಬದಲಿಸಿ ನೆರೂಳದವರೆಗೂ ನಿಂತೇ ಹೋಗುತ್ತಿದ್ದಳು.

"ಯವ್ವಾ, ಸೀಟ ಕೇಳಾಕ ಏನ ಧಾಡಿ ನಿನಗ?" ಎಂದರು ಮೌಶಿ. "ಕೇಳೂದ ಕಲತರ ಅಳೂದ ತಾನ ನಿಲ್ಲತೈತಿ." ಸೋಮವಾರ ತಾವೇ ಅವಳ ಜೊತೆ ಹತ್ತಿದರು. ಹುಡುಗಿ "ಥೋಡಾ ಸರಕೋ", ಸ್ವಲ್ಪ ಸರಿಯಿರಿ, ಎಂದದ್ದು ಅವಳಿಗೇ ಕೇಳಿಸಲಿಲ್ಲ. ಮಂಗಳವಾರ ಪಕ್ಕದವರಿಗೆ ಕೇಳಿಸಿತು. ಬುಧವಾರ ಜಾಗ ಸಿಕ್ಕಿತು, ಆದರೆ ಅವಳು ಅದನ್ನು ಯಾರೋ ಬಸುರಿಗೆ ಬಿಟ್ಟುಕೊಟ್ಟಳು. ಮೌಶಿ ಅದಕ್ಕೆ ಬೈಯಲಿಲ್ಲ, ಬೆನ್ನು ತಟ್ಟಿದರು. ಶುಕ್ರವಾರ ಅವಳು ಕೂಗಿದ ರೀತಿಗೆ ಮೂರು ಬೆಂಚಿನ ಹೆಂಗಸರು ಒಟ್ಟಿಗೆ ಸರಿದರಂತೆ.

ಆ ಹುಮ್ಮಸ್ಸಿನಲ್ಲೇ ಲ್ಯಾಬಿಗೆ ಹೋದಳು. ಕೌಂಟರಿನ ಮೇಲೆ ಜನ ಮುಗಿಬಿದ್ದಿದ್ದರು. ಹುಡುಗಿ ಎದ್ದು ನಿಂತು, ಲೋಕಲಿನ ದನಿಯಲ್ಲೇ, "ಸಬ್ ಲೋಗ್ ಪೀಛೆ ಸರಕೋ, ಲೈನ್ ಸೇ ಆವೋ" ಎಂದಳು. ಗುಂಪು ಹಿಂದೆ ಸರಿದು ಸಾಲಾಗಿ ನಿಂತಿತು. ಎರಡು ತಿಂಗಳಲ್ಲಿ ಆ ಲ್ಯಾಬಿನಲ್ಲಿ ಕ್ಯೂ ಕಂಡದ್ದು ಅದೇ ಮೊದಲು. ನಡುವೆ ಬಿಳಿ ಅಂಗಿಯ ಒಬ್ಬರು ಏನೋ ಹೇಳಲು ಕೈ ಎತ್ತಿದರು. ಅವಳು ತಲೆ ಎತ್ತದೆ, "ಆಪ್ ಭೀ", ನೀವೂ ಅಷ್ಟೇ, ಎಂದಳು.

ಅವರು ಲ್ಯಾಬಿನ ಮಾಲೀಕ ಡಾಕ್ಟರು. ಹತ್ತು ನಿಮಿಷ ಕ್ಯೂನಲ್ಲಿ ನಿಂತು, ತಮ್ಮ ಸರದಿ ಬಂದ ಮೇಲೆ ಅಪ್ಪಣೆ ಕೇಳಿ ಒಳಗೆ ಹೋದರು.

೪. ಮೂರು ಪುಟ

ದನಿ ಬಂತು, ಧೈರ್ಯ ಬಂತು. ಬೈದರೆ ಬಾತ್‌ರೂಮಿಗೆ ಓಡಿ ಅಳುವುದು ಮಾತ್ರ ನಿಲ್ಲಲಿಲ್ಲ. ಮೂರು ತಿಂಗಳು ಮುಗಿಯಲು ಒಂದು ವಾರ ಉಳಿದಿದ್ದಾಗ ಅಧ್ಯಕ್ಷರು ಫಾರಂ ತಿರುವಿ ಹಾಕಿ, "ಇನ್ನು ನೀವೇ ಗತಿ" ಎಂದು ಅವಳನ್ನು ನನ್ನ ಮನೆಗೆ ಕಳಿಸಿದರು.

ನನ್ನಲ್ಲಿ ಇದ್ದದ್ದು ಒಂದೇ ಉಪಾಯ. ಕಿಟಕಿಯಲ್ಲಿ ಯಾರಾದರೂ ಬೈಯತೊಡಗಿದರೆ ನಾನು ಕಾಗದ ತೆಗೆದು, "ಸ್ವಲ್ಪ ನಿಧಾನವಾಗಿ ಹೇಳಿ, ಬರೆದುಕೊಳ್ಳುತ್ತಿದ್ದೇನೆ" ಎನ್ನುತ್ತಿದ್ದೆ. ಬೈಯುವವನು ಅಲ್ಲೇ ಅರ್ಧ ಇಳಿಯುತ್ತಾನೆ. ಬರೆದದ್ದನ್ನು ಓದಿ ಹೇಳಿದರೆ ಇನ್ನರ್ಧ. ತನ್ನ ಬೈಗುಳವನ್ನು ಬೇರೆಯವರ ಬಾಯಲ್ಲಿ ತಣ್ಣಗೆ ಕೇಳಿಸಿಕೊಳ್ಳುವುದು ಯಾರಿಗೂ ಸುಲಭವಲ್ಲ. ಬರೆಯುವವನಿಗೂ ಗಮನವೆಲ್ಲ ಅಕ್ಷರದ ಮೇಲಿರುತ್ತದೆ, ಅಳಲು ಪುರಸೊತ್ತು ಎಲ್ಲಿ?

ಅಭ್ಯಾಸಕ್ಕೆ ಯಾರಾದರೂ ಬೈಯಬೇಕಿತ್ತು. ನಾನು ಪ್ರಯತ್ನಿಸಿದೆ. ಜೀವನವಿಡೀ ಕೇಳಿಸಿಕೊಂಡವನಿಗೆ ಹೇಳಲು ಬರುತ್ತದೆಯೇ? "ನೀನು ಸ್ವಲ್ಪ ಸರಿಯಿಲ್ಲ" ಎಂದೆ. ಹುಡುಗಿಗೆ ನಗು ಬಂತು. ಅಡುಗೆಮನೆಯಿಂದ ಹೆಂಡತಿಯನ್ನು ಕರೆದೆ. ಅವಳು ಬಂದು ಹುಡುಗಿಯ ಮುಖ ನೋಡಿ, "ಈ ಮಗುವಿಗೆ ಬೈಲಿಕ್ಕೆ ನನ್ನಿಂದಾಗುದಿಲ್ಲ. ನಾನು ನಿಮಗೆ ಬೈತೇನೆ, ಅವಳು ಬರ್ಕೊಳ್ಳಲಿ" ಎಂದಳು.

ನಾನು ಕುರ್ಚಿಯಲ್ಲಿ ಕೂತೆ. ಒದ್ದೆ ಟವೆಲು ಹಾಸಿಗೆಯ ಮೇಲೆ ಎಸೆಯುವುದರಿಂದ ಶುರುವಾದದ್ದು, ಅವಳ ತಂಗಿಯ ಮದುವೆಯಲ್ಲಿ ನಾನು ನಿದ್ದೆ ಹೋದದ್ದಕ್ಕೆ ಬಂದು, ಅಲ್ಲಿಂದ ನನ್ನ ಅಣ್ಣನ ಮನೆಯವರೆಗೂ ಹೋಯಿತು. ಎಲ್ಲೂ ತಡವರಿಸಲಿಲ್ಲ, ಒಂದು ವಿಷಯ ಎರಡು ಸಲ ಬರಲಿಲ್ಲ. ಇಷ್ಟು ವರ್ಷ ನಾನು ಬರೀ ಅರ್ಥಕ್ಕೆ ಹೆದರಿ ಕೂತಿದ್ದೆ, ಆ ಓಘದ ಸೊಗಸು ಕಂಡದ್ದು ಅಂದೇ. ಹುಡುಗಿ ದೇವನಾಗರಿ ಲಿಪಿಯಲ್ಲಿ ಮೂರು ಪುಟ ಬರೆದಳು. ಕಣ್ಣಲ್ಲಿ ಒಂದು ಹನಿ ಇಲ್ಲ.

"ಓದು ನೋಡುವ" ಎಂದಳು ಹೆಂಡತಿ. ಹುಡುಗಿ ತಣ್ಣಗೆ ಪೂರ್ತಿ ಓದಿದಳು. ಕೇಳುತ್ತ ಕೇಳುತ್ತ ಹೆಂಡತಿಯ ಮುಖ ಮೆತ್ತಗಾಯಿತು. ನನ್ನ ಉಪಾಯ ಮನೆಯಲ್ಲೂ ನಡೆಯಿತಲ್ಲ ಎಂದು ಒಳಗೊಳಗೇ ಹಿಗ್ಗಿದೆ.

"ಛೆ, ಎರಡನೇ ಪುಟದಲ್ಲಿ ಒಂದು ಬಿಟ್ಟುಹೋಯ್ತು. ಸೇರಿಸು" ಎಂದಳು ಹೆಂಡತಿ.

೫. ಕೌಂಟರಿನಲ್ಲಿ ಕಣ್ಣೀರು

ಕೊನೆಯ ದಿನ ನಮಗೆ ಮನೆಯಲ್ಲಿ ಕೂರಲಾಗಲಿಲ್ಲ. "ಹೇಗೂ ನಿಮ್ಮ ಶುಗರ್ ನೋಡದೆ ವರ್ಷ ಆಯ್ತು" ಎಂದು ಹೆಂಡತಿ ನನ್ನನ್ನು ಖಾಲಿ ಹೊಟ್ಟೆಯಲ್ಲಿ ನೆರೂಳಕ್ಕೆ ಎಳೆದುಕೊಂಡು ಹೋದಳು. ರಕ್ತ ಕೊಟ್ಟು, ತೋಳಿಗೆ ಹತ್ತಿ ಒತ್ತಿಕೊಂಡು ಕೂತಿದ್ದೆ. ಅಷ್ಟರಲ್ಲಿ ಖಾರಘರದಿಂದ ಬಂದ ಒಬ್ಬ ದಪ್ಪ ಮೀಸೆಯವರು, ರಿಪೋರ್ಟು ಇನ್ನೂ ಬಂದಿಲ್ಲವೆಂದು ಕೌಂಟರ್ ಗುದ್ದಿದರು. "ತುಮ್ ಸಬ್ ನಿಕಮ್ಮೇ ಹೋ" ಎಂದು ಶುರು ಮಾಡಿದರು. ನಿಮ್ಮಲ್ಲಿ ಯಾರೂ ಕೆಲಸಕ್ಕೆ ಬಾರದವರು ಎಂದು ಅರ್ಥ. ಹುಡುಗಿಯ ತುಟಿ ನಡುಗಿದ್ದು ನನಗೆ ಕಂಡಿತು.

ಅವಳು ಕಾಗದ ಎಳೆದುಕೊಂಡಳು. "ಸರ್, ಧೀರೇ ಬೋಲಿಯೇ. ಮೈ ಲಿಖ್ ರಹೀ ಹೂಂ." ನನ್ನದೇ ಮಾತು, ಹಿಂದಿಯಲ್ಲಿ.

ಮೀಸೆಯವರು ತಬ್ಬಿಬ್ಬಾದರು. ಬಿಡಿಸಿ ಬಿಡಿಸಿ ಹೇಳತೊಡಗಿದರು. ಅವಳು ಓದಿ ತೋರಿಸಿ, "'ನಿಕಮ್ಮೇ' ರಖೂಂ, ಸರ್?" ಎಂದಳು. ಆ ಮಾತು ಇರಲೇ ಎಂದು ವಿನಯದಿಂದ ಕೇಳಿದ್ದು. "ನಹೀ ನಹೀ, ವೋ ಕಾಟೋ" ಎಂದರು ಅವರು. ಒಂದೊಂದೇ ಮಾತು ಹೊಡೆದು ಹಾಕಿಸುತ್ತ ಕೊನೆಗೆ ಉಳಿದದ್ದು 'ದಯವಿಟ್ಟು ರಿಪೋರ್ಟು ಬೇಗ ಕೊಡಿ' ಎಂಬ ಒಂದೇ ಸಾಲು. ಸಹಿ ಹಾಕಿ, ಥ್ಯಾಂಕ್ಯೂ ಹೇಳಿ ಹೋಗಿ ಕೂತರು. ನನಗೆ ಎದ್ದು ಚಪ್ಪಾಳೆ ತಟ್ಟಬೇಕೆನಿಸಿತು. ಇಪ್ಪತ್ತೆಂಟು ವರ್ಷದಲ್ಲಿ ನಾನು ಯಾರಿಂದಲೂ ಥ್ಯಾಂಕ್ಯೂ ಹೇಳಿಸಿಕೊಂಡಿರಲಿಲ್ಲ.

ಒಳಗಿನಿಂದ ಇದನ್ನೆಲ್ಲ ನೋಡುತ್ತಿದ್ದ ಮ್ಯಾನೇಜರ್ ಹೊರಗೆ ಬಂದರು. ಅವರೂ ಇನ್ನೂ ಮೂವತ್ತು ದಾಟದ ಹುಡುಗ. ಬಗ್ಗಿ ಮೆಲ್ಲಗೆ, ನಾಳೆಯಿಂದ ನಿನ್ನ ಕೆಲಸ ಪಕ್ಕಾ ಎಂದರಂತೆ. ಅಷ್ಟು ಕೇಳಿದ್ದೇ ಹುಡುಗಿ ಕೌಂಟರಿನ ಮೇಲೆ ತಲೆಯಿಟ್ಟು ಗೊಳೋ ಎಂದು ಅತ್ತಳು.

ಮ್ಯಾನೇಜರ್ ಏನು ಹೇಳಿದರೆಂದು ಕೂತಿದ್ದವರಿಗೆ ಕೇಳಿಸಿರಲಿಲ್ಲ. ಅವರು ಬಂದದ್ದು, ಬಗ್ಗಿದ್ದು, ಹುಡುಗಿ ಅತ್ತದ್ದು, ಇಷ್ಟೇ ಕಂಡದ್ದು. ಮೊದಲು ಎದ್ದವರು ಮೀಸೆಯವರು. "ಇಷ್ಟು ಒಳ್ಳೆ ಹುಡುಗಿಗೆ ಬೈತೀಯಾ?" ಎಂದು ಹಿಂದಿಯಲ್ಲಿ ಗುಡುಗಿದರು. ಅವರ ಹಿಂದೆ ಕ್ಯೂ ಪೂರ್ತಿ. ಎಲ್ಲರನ್ನೂ ಪಕ್ಕಕ್ಕೆ ಸರಿಸಿಕೊಂಡು ನನ್ನ ಹೆಂಡತಿ ಮುಂದೆ ಹೋದಳು. ಮರಾಠಿಯಲ್ಲಿ ಶುರು ಮಾಡಿದಳು. ಮರಾಠಿಯಲ್ಲೂ ಅವಳಿಗೆ ಅಷ್ಟೇ ಸರಾಗ ಎಂದು ನನಗೆ ಗೊತ್ತಿರಲಿಲ್ಲ.

ಮ್ಯಾನೇಜರ್ ಗೋಡೆಗೆ ಒರಗಿದರು. ಬಾಯಿ ತೆರೆಯಲು ಯಾರೂ ಬಿಡುತ್ತಿಲ್ಲ, ಕಣ್ಣು ತುಂಬುತ್ತಿದೆ. ಆಗ ಹುಡುಗಿ ತಲೆ ಎತ್ತಿದಳು. ಕಣ್ಣೊರೆಸಿಕೊಂಡು, ತನ್ನ ಪೆನ್ನು ಕಾಗದ ಎರಡನ್ನೂ ಮ್ಯಾನೇಜರರ ಕೈಗೆ ಕೊಟ್ಟು, "ಸರ್, ಆಪ್ ಲಿಖಿಯೇ. ರೋನಾ ನಹೀ ಆಯೇಗಾ" ಎಂದಳು. ಬರೆದರೆ ಅಳು ಬರುವುದಿಲ್ಲ ಎಂದು.

ಪಾಪ, ಅವರು ಬರೆಯತೊಡಗಿದರು. ಒಂದೂವರೆ ಪುಟ ಆದ ಮೇಲೆ ಹುಡುಗಿ ನಡೆದ ಸಂಗತಿ ಹೇಳಿದಳು. ಜನ ನಕ್ಕು ಕೂತರು, ಹೆಂಡತಿ ಮ್ಯಾನೇಜರರ ತಲೆ ಸವರಿ ಪರ್ಸಿನಿಂದ ಚಾಕಲೇಟು ತೆಗೆದು ಕೊಟ್ಟಳು. ಮ್ಯಾನೇಜರ್ ಬೆವರು ಒರೆಸಿಕೊಳ್ಳುತ್ತ ನನ್ನ ಪಕ್ಕದ ಕುರ್ಚಿಗೆ ಬಂದು ಕುಸಿದರು. ಬೈದವಳ ಗಂಡ ನಾನೇ ಎಂದು ಹೇಗೋ ಗೊತ್ತಾಗಿತ್ತು. ಕಾಗದದತ್ತ ಒಮ್ಮೆ, ನನ್ನತ್ತ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ ಹಿಂದಿಯಲ್ಲೇ ಕೇಳಿದರು, "ಅಂಕಲ್, ನೀವು ಎಷ್ಟು ವರ್ಷದಿಂದ ಬರೆಯುತ್ತಿದ್ದೀರಿ?"

"ಮನೆಯಲ್ಲಿ ಬರೆಯುವುದಿಲ್ಲಪ್ಪ" ಎಂದೆ. "ನನಗೆ ಎಲ್ಲ ಬಾಯಿಪಾಠವಾಗಿದೆ."